ಇಸಿಜಿ ಸರಿಹೋದ ಮಾತ್ರಕ್ಕೆ ಹೃದಯ ಸರಿಹೋದೀತೆ?

‘ಡಾಕ್ಟರೇ, ಒಂದೇ ದಿನದಲ್ಲಿ 1,200 ಎಕ್ಟೋಪಿಕ್ ಬಡಿತ ಬಂದಿವೆಯಂತೆ, ನಿಲ್ಲಿಸಲು ಏನಾದರೂ ಮಾತ್ರೆ ಕೊಡಿ’ ಎಂದು ಹೋಲ್ಟರ್ (ದಿನವಿಡೀ ಮೈಮೇಲಿದ್ದು ಇಸಿಜಿ ದಾಖಲಿಸುವ ಪುಟ್ಟ ಯಂತ್ರ) ವರದಿ ಹಿಡಿದು ಬರುವವರು ಹಲವರು. ಎಕ್ಟೋಪಿಕ್ ಎಂದರೆ ಹೃದಯದ ಮಾಮೂಲಿ ಜಾಗದ ಬದಲು ಬೇರೆಡೆಯಿಂದ, ಅವಧಿಗೆ ಮುನ್ನವೇ ಹುಟ್ಟುವ ಬಡಿತ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಹೃದಯಕ್ಕೆ ಇದು ಸಣ್ಣ ಸಂಖ್ಯೆಯೆಂದರೂ ಅವರ ಆತಂಕ ಇಳಿಯುವುದಿಲ್ಲ. ಒಂದು ಬಡಿತ ತಪ್ಪಿ, ಮರುಕ್ಷಣವೇ ಎದೆಗೆ ಒಳಗಿನಿಂದ ಗುದ್ದಿದಂತಾಗುವ ಅನುಭವ ಯಾರನ್ನಾದರೂ ಹೆದರಿಸುತ್ತದೆ.

ಒಂದು ಕಾಲದಲ್ಲಿ ವೈದ್ಯರ ಆಲೋಚನೆಯೂ ಇದೇ ಆಗಿತ್ತು. ಹೃದಯಾಘಾತವಾದವರಲ್ಲಿ ಇಂಥ ಬಡಿತಗಳು ಹೆಚ್ಚಿದ್ದರೆ ಹಠಾತ್ ಸಾವಿನ ಸಂಭವವೂ ಹೆಚ್ಚು ಎಂದು ತಿಳಿದಿದ್ದರಿಂದ, ಅವನ್ನು ಅಡಗಿಸಿದರೆ ಜೀವ ಉಳಿಯುತ್ತದೆಂದು ನಂಬಿದ್ದರು. ಈ ನಂಬಿಕೆಯನ್ನು ಒರೆಗೆ ಹಚ್ಚಿದ್ದು ‘ಕಾಸ್ಟ್’ ಅಧ್ಯಯನ. ಎನ್ಕೈನೈಡ್, ಫ್ಲೆಕೈನೈಡ್‌ನಂಥ ಔಷಧಗಳಿಂದ ಎಕ್ಟೋಪಿಕ್ ಬಡಿತಗಳು ಅಡಗಿದ್ದು ಖಚಿತವಾದ ರೋಗಿಗಳನ್ನೇ ಆರಿಸಿ, ಕೆಲವರಿಗೆ ಔಷಧವನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಡಲಾಯಿತು. 1991ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸರಾಸರಿ ಹತ್ತು ತಿಂಗಳಲ್ಲಿ, ಈ ಎರಡು ಔಷಧಗಳನ್ನು ಪಡೆದ 755 ಮಂದಿಯಲ್ಲಿ 63 ಜನ ತೀರಿಕೊಂಡಿದ್ದರೆ, ಹುಸಿಮಾತ್ರೆ ನುಂಗಿದ 743 ಮಂದಿಯಲ್ಲಿ ತೀರಿಕೊಂಡವರು 26 ಜನ. ಇಸಿಜಿ ಹಾಳೆ ಅಚ್ಚುಕಟ್ಟಾಗಿದ್ದವರೇ ಹೆಚ್ಚು ಸತ್ತಿದ್ದರು! ನನ್ನ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪಾಠ ಕಲಿಸಿದ ಅಧ್ಯಯನ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಕಾರಣ ಹೃದಯಾಘಾತವು ಸ್ನಾಯುವಿನಲ್ಲಿ ಉಳಿಸಿಹೋದ ಗಾಯದ ಕಲೆಯಲ್ಲಿದೆ. ಈ ಔಷಧಗಳು ಜೀವಕೋಶದ ಸೋಡಿಯಂ ಮಾರ್ಗಗಳನ್ನು ತಡೆದು ವಿದ್ಯುತ್ ಸಂಕೇತದ ಓಟವನ್ನು ನಿಧಾನಗೊಳಿಸುತ್ತವೆ. ಆಘಾತದಿಂದ ಸತ್ತ ಸ್ನಾಯುವಿನ ಅಂಚಿನಲ್ಲಿ ಮೊದಲೇ ಕುಂಟುತ್ತಿದ್ದ ಸಂಕೇತ ಇನ್ನಷ್ಟು ತಡವಾಗಿ ಸುತ್ತಿ ಬರುವಷ್ಟರಲ್ಲಿ, ಹಿಂದಿನ ಸ್ನಾಯು ಚೇತರಿಸಿಕೊಂಡು ಮತ್ತೆ ಸಿಡಿಯಲು ಸಿದ್ಧವಾಗಿರುತ್ತದೆ; ಹಾಗಾಗಿ ಸಂಕೇತವು ಆ ಕಲೆಯ ಸುತ್ತಲೇ ಗಿರಗಿರನೆ ತಿರುಗತೊಡಗಿ, ಹೃದಯ ರಕ್ತವನ್ನು ಹೊರದೂಡಲಾರದಷ್ಟು ವೇಗವಾಗಿ ಬಡಿದುಕೊಳ್ಳುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಹೃದಯಾಘಾತದ ನಂತರ ನಿಜಕ್ಕೂ ಸಾವನ್ನು ತಗ್ಗಿಸಿದ, ಹೃದಯದ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್‌ಗಳು ಎಕ್ಟೋಪಿಕ್ ಬಡಿತಗಳನ್ನು ಅಷ್ಟೇನೂ ಅಳಿಸುವುದಿಲ್ಲ. ಎದೆಯ ಚರ್ಮದಡಿ ಕೂರಿಸುವ ಐಸಿಡಿ ಸಾಧನವಂತೂ ಅವನ್ನು ತಡೆಯುವ ಗೋಜಿಗೇ ಹೋಗದೆ, ಪ್ರಾಣಾಂತಿಕ ಲಯ ಕಂಡಾಗ ಮಾತ್ರ ಎಚ್ಚೆತ್ತು ವಿದ್ಯುತ್ ಆಘಾತ ಕೊಡುತ್ತದೆ.

ಆದ್ದರಿಂದಲೇ ನಾನು ವರದಿಯ ಸಂಖ್ಯೆಯನ್ನು ಬದಿಗಿಟ್ಟು ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸುತ್ತೇನೆ. ಹೃದಯದ ಸ್ನಾಯು ಬಲವಾಗಿದ್ದು, ಕಲೆಯಾಗಲಿ ವಂಶದಲ್ಲಿ ಹಠಾತ್ ಸಾವಾಗಲಿ ಇಲ್ಲದಿದ್ದರೆ, 1,200 ಬಡಿತಗಳಿಗೆ ಸಾಮಾನ್ಯವಾಗಿ ಮಾತ್ರೆ ಬೇಕಾಗುವುದಿಲ್ಲ. ದಿನದ ಬಡಿತಗಳಲ್ಲಿ ಶೇ. 10ಕ್ಕೂ ಹೆಚ್ಚು ಎಕ್ಟೋಪಿಕ್ ಆಗಿದ್ದು, ಹೃದಯವೂ ಸೋಲುತ್ತಿದ್ದರೆ, ಅವು ಹುಟ್ಟುವ ಜಾಗವನ್ನು ರಕ್ತನಾಳದ ಮೂಲಕ ತೂರಿಸುವ ತೆಳು ಕೊಳವೆಯಾದ ಕ್ಯಾತಿಟರ್‌ನಿಂದ ಹುಡುಕಿ ಸುಡುವ ಅಬ್ಲೇಶನ್ ಬಗ್ಗೆ ಮಾತನಾಡುತ್ತೇನೆ.