ಪರ-ವಿರೋಧದ ಎರಡೂ ಲೇಖನಗಳು ಸರಿ ಎನ್ನಿಸುವುದೇಕೆ?

ಓದುಗರ ಪ್ರಶ್ನೆ: ಒಂದು ಯೋಜನೆಯ ಪರವಾಗಿ ಬರೆದ ಲೇಖನವನ್ನು ಓದಿದರೆ ಅದೇ ಸರಿ ಎನ್ನಿಸುತ್ತದೆ. ಮರುದಿನ ಅದನ್ನು ವಿರೋಧಿಸಿ ಬರೆದದ್ದನ್ನು ಓದಿದರೆ ಅದೂ ಸರಿ ಎನ್ನಿಸುತ್ತದೆ. ಲೇಖಕರು ಮಾತಿನಿಂದಲೇ ನಮ್ಮನ್ನು ಒಪ್ಪಿಸುವುದು ಹೇಗೆ? ಅದನ್ನು ಗುರುತಿಸುವುದು ಹೇಗೆ?

ಉತ್ತರ: ಈ ಪ್ರಶ್ನೆಯನ್ನು ಕೇಳುವವರಲ್ಲಿ ಅನೇಕರು ತಮ್ಮ ವಿವೇಚನೆಯೇ ದುರ್ಬಲವೇನೋ ಎಂದು ಅಳುಕುತ್ತಾರೆ. ಹಾಗೆ ಅಳುಕಬೇಕಾಗಿಲ್ಲ. ಅಭಿಪ್ರಾಯ ಲೇಖನದಲ್ಲಿ ವಾದ ಆರಂಭವಾಗುವ ಮೊದಲೇ, ಲೇಖಕರು ಆರಿಸಿಕೊಂಡ ಹೆಸರು, ಸಂಖ್ಯೆ, ಸರ್ವನಾಮ ಮತ್ತು ಕ್ರಿಯಾಪದಗಳು ಅರ್ಧ ಕೆಲಸವನ್ನು ಮಾಡಿ ಮುಗಿಸಿರುತ್ತವೆ. ನಾವು ದೊಡ್ಡ ದೊಡ್ಡ ವಿಶೇಷಣಗಳ ಮೇಲೆ ಕಣ್ಣಿಟ್ಟಿರುತ್ತೇವೆ. ಮನಸ್ಸನ್ನು ತಿರುಗಿಸುವುದು ಸಣ್ಣ ಪದಗಳು.

ಬೆಂಗಳೂರಿನ ಒಂದು ಉದಾಹರಣೆಯನ್ನೇ ನೋಡೋಣ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟುವ ಪ್ರಸ್ತಾವ ಬಂದಾಗ ನಗರದಲ್ಲಿ ತೀವ್ರ ಚರ್ಚೆ ನಡೆಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅದಕ್ಕಾಗಿ 812 ಮರಗಳನ್ನು ಕಡಿಯಬೇಕಾಗುತ್ತದೆ ಎಂಬ ಲೆಕ್ಕ ವಿರೋಧಿಗಳ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬಂತು. ಈ ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಹೇಳಬಹುದೆಂಬುದನ್ನು ಗಮನಿಸಿ. ‘812 ಮರಗಳು’ ಎಂದಾಗ ‘ಸುಮಾರು ಎಂಟುನೂರು’ ಎಂಬುದಕ್ಕಿಂತ ಹೆಚ್ಚು ನಂಬಿಕೆ ಹುಟ್ಟುತ್ತದೆ, ಏಕೆಂದರೆ ಯಾರೋ ಒಂದೊಂದನ್ನೂ ಮುಟ್ಟಿ ಎಣಿಸಿದ್ದಾರೆ ಎನ್ನಿಸುತ್ತದೆ. ಅದನ್ನೇ ರಸ್ತೆಯ ಉದ್ದಕ್ಕೆ ಹಂಚಿ ‘ಎಂಟು ಮೀಟರಿಗೊಂದು ಮರ’ ಎಂದರೆ, ಓದುಗರು ಮನಸ್ಸಿನಲ್ಲೇ ಆ ದಾರಿಯಲ್ಲಿ ನಡೆದು ಪ್ರತಿ ಹತ್ತು ಹನ್ನೆರಡು ಹೆಜ್ಜೆಗೊಂದು ಬುಡವನ್ನು ಕಾಣುತ್ತಾರೆ. ಯೋಜನೆಯ ಪರವಾದ ಲೇಖಕರು ಅದೇ ಸಂಖ್ಯೆಯನ್ನು ಇಡೀ ನಗರದ ಮರಗಳ ಪಕ್ಕದಲ್ಲಿಟ್ಟರೆ ಅದು ಅತ್ಯಲ್ಪವಾಗಿ ಕಾಣುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕೆಂಬ ಆಯ್ಕೆಯೇ ವಾದವಾಗಿದೆ. ಆದ್ದರಿಂದ ಸಂಖ್ಯೆ ಕಂಡಾಗಲೆಲ್ಲ ‘ಎಷ್ಟರಲ್ಲಿ ಇಷ್ಟು?’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

‘ನಾವು’ ಎಂಬ ಪದಕ್ಕೆ ಕನ್ನಡದಲ್ಲಿ ವಿಶೇಷವಾದ ಶಕ್ತಿಯಿದೆ. ತಮಿಳಿನಲ್ಲಿ ಕೇಳುಗರನ್ನು ಸೇರಿಸಿಕೊಂಡರೆ ‘ನಾಮ್’, ಬಿಟ್ಟರೆ ‘ನಾಂಗಳ್’; ತೆಲುಗಿನಲ್ಲೂ ‘ಮನಮು’, ‘ಮೇಮು’ ಎಂಬ ಭೇದವಿದೆ. ಈ ಎರಡೂ ಭಾಷೆಗಳು ದಿನವೂ ಕಿವಿಗೆ ಬೀಳುವ ಈ ಊರಿನಲ್ಲಿ, ಇಂದಿನ ಕನ್ನಡದ ‘ನಾವು’ ಮಾತ್ರ ಎರಡನ್ನೂ ಒಂದೇ ಪದದಲ್ಲಿ ಹೇಳುತ್ತದೆ. ‘ನಾವು ವಾಹನ ದಟ್ಟಣೆಯಿಂದ ಬೇಸತ್ತಿದ್ದೇವೆ’ ಎಂದು ಬರೆದವರು ಓದುಗರನ್ನೂ ಸೇರಿಸಿಕೊಂಡು ಮಾತು ಆರಂಭಿಸುತ್ತಾರೆ. ಎರಡು ಪ್ಯಾರಾಗಳ ನಂತರ ‘ಆದ್ದರಿಂದ ನಾವು ಈ ರಸ್ತೆಯ ಅಗಲೀಕರಣವನ್ನು ಒತ್ತಾಯಿಸುತ್ತೇವೆ’ ಎಂದಾಗ, ಆ ‘ನಾವು’ ಕೆಲವೇ ಜನರದ್ದಾಗಿದ್ದರೂ ಓದುಗರು ಅದರೊಳಗೇ ಉಳಿದಿರುತ್ತಾರೆ. ಪುಟ್‌ಪಾತಿನ ಮೇಲೆ ಸೊಪ್ಪು ಮಾರುವವರು ಎರಡನೆಯ ‘ನಾವು’ವಿನಲ್ಲಿ ಇದ್ದಾರೆಯೇ ಎಂದು ಕೇಳಿದರೆ ವ್ಯತ್ಯಾಸ ಕೂಡಲೇ ಗೋಚರಿಸುತ್ತದೆ.

ಗಾದೆಗಳ ವಿಷಯ ಸರಳವಾದದ್ದು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಗಾದೆಗೆ ಗಾದೆಯೇ ಸಾಕ್ಷಿ ಹೇಳುವ ಭಾಷೆ ನಮ್ಮದು. ವಾದದ ಕೊನೆಯಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಬರೆದರೆ, ಮಾಡಿದವರೇ ಉಣ್ಣುತ್ತಿದ್ದಾರೆಯೇ ಅಥವಾ ಬೇರೆಯವರು ಉಣ್ಣುತ್ತಿದ್ದಾರೆಯೇ ಎಂಬ ವಿಚಾರಣೆ ಅಲ್ಲಿಗೇ ನಿಂತುಹೋಗುತ್ತದೆ.

ಇವೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಒಪ್ಪಿಸುವ ಉದ್ದೇಶವಿಲ್ಲದೆ ಅಭಿಪ್ರಾಯ ಲೇಖನವನ್ನು ಯಾರೂ ಬರೆಯುವುದಿಲ್ಲ. ಎಂಟು ಮೀಟರಿಗೊಂದು ಮರವೆಂಬ ಚಿತ್ರ ಪ್ರಾಮಾಣಿಕವಾದದ್ದು, ಬೇಕಾದವರು ಭಾಗಿಸಿ ನೋಡಬಹುದು. ನನಗೆ ನಿಜವಾಗಿ ಅಪಾಯಕಾರಿಯೆಂದು ತೋರುವುದು ಒಂದೇ: ಕರ್ತೃವನ್ನು ಮರೆಮಾಡುವ ವಾಕ್ಯ. ಈ ಎರಡನ್ನು ಓದಿ:

‘ರಸ್ತೆ ವಿಸ್ತರಣೆಗಾಗಿ ಮರಗಳನ್ನು ತೆರವುಗೊಳಿಸಲಾಗಿದೆ.’

‘ದಶಕಗಳಿಂದ ನೆರಳು ನೀಡಿದ ಮರಗಳಿಗೆ ಕೊಡಲಿಯೇಟು ಬಿದ್ದಿದೆ.’

ಮೊದಲನೆಯದು ಕಚೇರಿಯ ಭಾಷೆ, ಎರಡನೆಯದು ನೋವಿನ ಭಾಷೆ. ‘ತೆರವು’ ಎಂಬ ಪದ ಮರವನ್ನು ಅಡ್ಡಿಯಾಗಿಸುತ್ತದೆ, ‘ಕೊಡಲಿಯೇಟು’ ಅದನ್ನು ಜೀವವಾಗಿಸುತ್ತದೆ. ಆದರೆ ಕಡಿದವರು ಯಾರು ಎಂಬುದು ಎರಡರಲ್ಲೂ ಇಲ್ಲ. ‘ಲಾಗಿದೆ’ ಎಂಬ ಪ್ರತ್ಯಯ ಎಷ್ಟು ಸಲೀಸಾಗಿ ಕರ್ತೃವನ್ನು ಅಳಿಸುತ್ತದೆಯೋ, ಕೊಡಲಿ ತಾನಾಗಿಯೇ ಬಿದ್ದಂತೆ ಬರೆದ ಭಾವಪೂರ್ಣ ವಾಕ್ಯವೂ ಅಷ್ಟೇ ಸಲೀಸಾಗಿ ಅಳಿಸುತ್ತದೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಅನುಮತಿ ನೀಡುವ ಅಧಿಕಾರ ವೃಕ್ಷಾಧಿಕಾರಿಗಿದೆ. ಅಂದರೆ ಸಾಮಾನ್ಯವಾಗಿ ಅರ್ಜಿ ಹಾಕಿದವರು, ಅನುಮತಿ ಕೊಟ್ಟವರು, ಗುತ್ತಿಗೆ ಪಡೆದವರು ಎಂದು ಆ ವಾಕ್ಯದಲ್ಲಿ ಕೂರಬೇಕಾದ ಕರ್ತೃಗಳು ಹಲವರಿರುತ್ತಾರೆ.

ಹೀಗಾಗಿ ಲೇಖನವನ್ನು ಓದುವಾಗ ಪೆನ್ಸಿಲ್ ಹಿಡಿದು ‘ಲಾಗಿದೆ’, ‘ಲಾಗುತ್ತಿದೆ’, ‘ಎನ್ನಲಾಗಿದೆ’ ಎಂಬವುಗಳ ಕೆಳಗೆ ಗೆರೆ ಎಳೆಯುವುದು ನನ್ನ ರೂಢಿ. ಗೆರೆ ಬಿದ್ದ ಪ್ರತಿಯೊಂದು ವಾಕ್ಯವನ್ನೂ ‘ಯಾರು?’ ಎಂಬುದಕ್ಕೆ ಉತ್ತರ ಬರುವಂತೆ ಅಂಚಿನಲ್ಲಿ ತಿರುಗಿಸಿ ಬರೆಯಲು ಪ್ರಯತ್ನಿಸುತ್ತೇನೆ. ನಿಮಗೆ ಎರಡೂ ಸರಿ ಎನ್ನಿಸಿದ ಆ ಎರಡು ಲೇಖನಗಳ ಮೇಲೆ ಇದನ್ನೇ ಮಾಡಿ ನೋಡಿ. ಒಂದು ಲೇಖನ ‘ಜನ ಎಷ್ಟು ಬೇಗ ಊರು ತಲುಪಬಹುದು?’ ಎಂಬುದಕ್ಕೂ, ಇನ್ನೊಂದು ‘ನಾವು ಏನನ್ನು ಕಳೆದುಕೊಳ್ಳುತ್ತೇವೆ?’ ಎಂಬುದಕ್ಕೂ ಉತ್ತರ ಕೊಟ್ಟಿರಬಹುದು; ಪ್ರಶ್ನೆಗಳೇ ಬೇರೆಯಾದ್ದರಿಂದ ಎರಡೂ ಸರಿ ಎನ್ನಿಸಿರುತ್ತವೆ. ಯಾರು ತೀರ್ಮಾನಿಸಿದರು, ಯಾರನ್ನು ಕೇಳಿ ತೀರ್ಮಾನಿಸಿದರು ಎಂಬ ಜಾಗ ಎರಡರ ಅಂಚಿನಲ್ಲೂ ಖಾಲಿ ಉಳಿದಿದ್ದರೆ, ಸಂಪಾದಕರಿಗೆ ನೀವು ಬರೆಯಬೇಕಾದ ಪತ್ರದ ಮೊದಲ ಸಾಲು ಅದೇ.