ಲೈನ್ ಸಿಕ್ಕರೆ ಮೇಲ್: ಡಯಲ್-ಅಪ್ ಕಾಲದ ಇ-ಮೇಲ್ ಪಾಠಗಳ ಹಿಂದಿನ ಕತೆ

1990ರ ದಶಕದಲ್ಲಿ ಹೊಸದಾಗಿ ಇ-ಮೇಲ್ ಖಾತೆ ಮಾಡಿಸಿದವರಿಗೆ ಕೊಡುತ್ತಿದ್ದ ಸೂಚನೆಗಳನ್ನು ಈಗಿನ ಹುಡುಗರಿಗೆ ತೋರಿಸಿದರೆ, ಇದು ಇ-ಮೇಲ್ ಪಾಠ ಅಂತ ನಂಬುವುದೇ ಕಷ್ಟ. ಆಗ ಕಂಪ್ಯೂಟರ್ ಇಂಟರ್ನೆಟ್ ಸೇರುತ್ತಿದ್ದದ್ದು ಮನೆಯ ಫೋನ್ ಲೈನಿನಲ್ಲಿ ನಂಬರ್ ಡಯಲ್ ಮಾಡಿ; ಡಯಲ್-ಅಪ್ ಅಂದರೆ ಅದೇ. ಹಾಗಾಗಿ ಮೊದಲು ಫೋನ್ ಎತ್ತಿ ಡಯಲ್ ಟೋನ್ ಬರುತ್ತಿದೆಯಾ ನೋಡಬೇಕು. ಮನೆಯಲ್ಲಿ ಇನ್ನೊಂದು ರಿಸೀವರ್ ಇದ್ದರೆ ಯಾರೂ ಅದನ್ನು ಮುಟ್ಟದಂತೆ ಹೇಳಬೇಕು. ಕಾಲ್ ವೇಟಿಂಗ್ ಇದ್ದರೆ ತೆಗೆಸಬೇಕು, ಯಾಕೆಂದರೆ ಮಧ್ಯದಲ್ಲಿ ಆ ಬೀಪ್ ಬಂದರೆ ಲೈನ್ ಕಟ್ ಆಗುತ್ತದೆ. ಪತ್ರ ಬರೆಯುವ ವಿಷಯ ಬರುವುದು ಇದೆಲ್ಲ ಮುಗಿದ ಮೇಲೆ.

ಆ ಸೂಚನೆಗಳನ್ನು ಹಳೇ ಕಾಲದ ತಮಾಷೆ ಅಂತ ಪಕ್ಕಕ್ಕೆ ಸರಿಸುವುದು ನನಗೆ ಸರಿ ಕಾಣುವುದಿಲ್ಲ. ಅವುಗಳ ಬಹುಪಾಲು ಸಾಲುಗಳ ಹಿಂದೆ ಒಂದು ಖರ್ಚು ಇದೆ: ಫೋನ್ ಬಿಲ್, ಗಂಟೆ ಲೆಕ್ಕ, ಡಿಸ್ಕ್ ಜಾಗ. ಇವತ್ತು ನಾವು ಇ-ಮೇಲ್‌ನ ಮರ್ಯಾದೆ ಅಂದುಕೊಂಡಿರುವ ಎಷ್ಟೋ ವಿಷಯಗಳು ಆ ಖರ್ಚಿನಿಂದ ಹುಟ್ಟಿದವು. ಕನ್ನಡಿಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಅಭ್ಯಾಸವೂ ಆ ತಂತಿಯ ಕಾಲದ್ದೇ.

ನಮ್ಮ ದೇಶದಲ್ಲಿ ಇದರ ಆರಂಭ ಮನೆಗಳಲ್ಲಿ ಆಗಲಿಲ್ಲ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಕಂಪ್ಯೂಟರುಗಳನ್ನು ಜೋಡಿಸುವ ಎರ್‌ನೆಟ್ ಎಂಬ ಯೋಜನೆ ಶುರು ಮಾಡಿತು. ಅದರಲ್ಲಿದ್ದವು ಎಂಟು ಸಂಸ್ಥೆಗಳು: ಆಗಿನ ಐದು ಐಐಟಿಗಳು, ಮುಂಬೈನ ಎನ್‌ಸಿಎಸ್‌ಟಿ (ಸಾಫ್ಟ್‌ವೇರ್ ಸಂಶೋಧನೆಯ ಸರ್ಕಾರಿ ಸಂಸ್ಥೆ), ದೆಹಲಿಯಲ್ಲಿ ಇಲಾಖೆಯೇ ಒಂದು, ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ನಮ್ಮ ಊರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಆ ಆವರಣದಲ್ಲಿ ಇ-ಮೇಲ್ ಬಳಸುತ್ತಿದ್ದವರು ಸಂಶೋಧಕರು, ವಿದ್ಯಾರ್ಥಿಗಳು. ಆ ಜಾಲಕ್ಕಾಗಿ ದುಡಿದವರಲ್ಲಿ ಎನ್‌ಸಿಎಸ್‌ಟಿಯ ಶ್ರೀನಿವಾಸನ್ ರಮಣಿ ಪ್ರಮುಖರು. 2014ರಲ್ಲಿ ಅವರ ಹೆಸರು ಇಂಟರ್ನೆಟ್ ಹಾಲ್ ಆಫ್ ಫೇಮ್ ಸೇರಿತು.

ಆಗ ಊರಿಂದ ಊರಿಗೆ ಸದಾ ತೆರೆದಿರುವ ಸಂಪರ್ಕ ಇರಲಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ಮಾಡಿದ ಯುಯುಸಿಪಿ ಎಂಬ ವ್ಯವಸ್ಥೆ ಇತ್ತು. ಅದು ಹಳ್ಳಿ ಬಸ್ಸಿನಲ್ಲಿ ಟಪಾಲು ಚೀಲ ಹೋದ ಹಾಗೆ ಕೆಲಸ ಮಾಡುತ್ತಿತ್ತು. ಬಂದ ಪತ್ರಗಳೆಲ್ಲ ಒಂದು ಕಂಪ್ಯೂಟರಿನಲ್ಲಿ ಕೂಡಿಬೀಳುತ್ತವೆ. ಗೊತ್ತಾದ ಹೊತ್ತಿಗೆ ಅದು ಮುಂದಿನ ಕಂಪ್ಯೂಟರಿಗೆ ಫೋನ್ ಮಾಡಿ, ತನ್ನದನ್ನು ಕೊಟ್ಟು, ಅಲ್ಲಿರುವುದನ್ನು ತೆಗೆದುಕೊಂಡು ಫೋನ್ ಇಡುತ್ತದೆ. ಟ್ರಂಕ್ ದರ ಕಡಿಮೆ ಇರುತ್ತದೆಂದು ಇದನ್ನು ರಾತ್ರಿ ಮಾಡುವುದು ರೂಢಿ. ಹಾಗಾಗಿ ಇವತ್ತು ಬರೆದ ಪತ್ರಕ್ಕೆ ನಾಳೆ ಉತ್ತರ ಬಂದರೆ ಅದೇ ಬೇಗ.

ವಿಳಾಸ ಬರೆಯುವುದೂ ಒಂದು ವಿದ್ಯೆಯೇ ಆಗಿತ್ತು. ಪತ್ರ ಯಾವ ಯಾವ ಕಂಪ್ಯೂಟರ್ ದಾಟಿ ಹೋಗಬೇಕು ಅನ್ನುವುದನ್ನು ಬರೆಯುವವರೇ ಒಂದರ ಮುಂದೆ ಒಂದರಂತೆ, ನಡುವೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಸೇರಿಸಬೇಕಿತ್ತು. ಎನ್‌ಸಿಎಸ್‌ಟಿಯ ಕಂಪ್ಯೂಟರಿನ ಹೆಸರು ಶಕ್ತಿ. ಹೊರದೇಶದ ವಿಳಾಸದಲ್ಲಿ ಶಕ್ತಿಯ ಹೆಸರು ಬಿಟ್ಟುಹೋದರೆ ಪತ್ರ ದಾರಿ ತಪ್ಪುತ್ತಿತ್ತು. 1989ರಲ್ಲಿ ಎನ್‌ಸಿಎಸ್‌ಟಿಯಿಂದ ಅಮೆರಿಕದ ವರ್ಜೀನಿಯಾದಲ್ಲಿದ್ದ ಯುಯುನೆಟ್ ಎಂಬ ಜಾಲ ಸಂಸ್ಥೆಗೆ ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಲೀಸ್ಡ್ ಲೈನ್, ಅಂದರೆ ಬಾಡಿಗೆಗೆ ಪಡೆದ ಸದಾ ತೆರೆದಿರುವ ಲೈನ್, ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಇಂಟರ್ನೆಟ್ ವಿಳಾಸದ ಕೊನೆಗೆ ಬರುವ ಭಾರತದ ಗುರುತಾದ ಡಾಟ್ ಇನ್ ನೋಂದಣಿಯೂ ಆಯಿತು. ಆಮೇಲೆ ದಾರಿ ಬರೆಯುವ ಕಷ್ಟ ತಪ್ಪಿತು. 1971ರಲ್ಲಿ ರೇ ಟಾಮ್ಲಿನ್ಸನ್ ಅಮೆರಿಕದಲ್ಲಿ ಬಳಕೆಗೆ ತಂದ ಅಟ್ ಚಿಹ್ನೆಯೇ ನಮ್ಮ ವಿಳಾಸಗಳ ನಡುವೆಯೂ ಬಂದು ನಿಂತಿತು.

ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಹೊರದೇಶದ ಫೋನ್ ಸಂಪರ್ಕ ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ತನ್ನ ಗೇಟ್‌ವೇ ಇಂಟರ್ನೆಟ್ ಸೇವೆಯನ್ನು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಶುರು ಮಾಡಿತು. ಬೆಂಗಳೂರಿಗೆ ಅದು ಬಂದದ್ದು ಆಮೇಲೆ. ಒಬ್ಬ ವ್ಯಕ್ತಿಗೆ 250 ಗಂಟೆಗೆ 5,000 ರೂಪಾಯಿ. ಅಂದರೆ ಗಂಟೆಗೆ 20 ರೂಪಾಯಿ, ಅದರ ಮೇಲೆ ಫೋನ್ ಬಿಲ್ ಬೇರೆ. ಹಾಸನದಲ್ಲೋ ಬಳ್ಳಾರಿಯಲ್ಲೋ ಇದ್ದವರು ಬೆಂಗಳೂರಿನ ನಂಬರಿಗೆ ಎಸ್‌ಟಿಡಿ ಮಾಡಬೇಕಿತ್ತು. ಮನೆಗೆ ಫೋನ್ ಸಿಗಲೇ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಮೊದಲ ತಿಂಗಳುಗಳಲ್ಲಿ ಲೈನೇ ಸಿಗುವುದಿಲ್ಲ ಅಂತ ಎಲ್ಲ ಕಡೆ ದೂರು. ವಿಎಸ್‌ಎನ್‌ಎಲ್ ಮುಖ್ಯಸ್ಥ ಬಿ.ಕೆ. ಸಿಂಗಲ್ ತೊಂದರೆಗಳನ್ನು ಸಾರ್ವಜನಿಕವಾಗಿಯೇ ಒಪ್ಪಿಕೊಂಡರು.

ಈ ಖಾತೆಗಳಲ್ಲಿ ಎರಡು ಬಗೆ. ಚಿತ್ರ, ಬಣ್ಣ ಎಲ್ಲ ಕಾಣುವ ಟಿಸಿಪಿ-ಐಪಿ ಖಾತೆಗೆ ಬೆಲೆ ಜಾಸ್ತಿ. ಬರೀ ಅಕ್ಷರಗಳ ಶೆಲ್ ಖಾತೆ ಅಗ್ಗ. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದದ್ದು ಈ ಎರಡನೆಯದು. ಬೆಂಗಳೂರಿನವರ ವಿಳಾಸದ ಬಾಲ ಇಷ್ಟುದ್ದ: ಜಿಯಾಸ್‌ಬಿಜಿ01 ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್. ಅದನ್ನು ಫೋನಿನಲ್ಲಿ ಇನ್ನೊಬ್ಬರಿಗೆ ಹೇಳಿ ಬರೆಸುವುದೇ ಒಂದು ಕೆಲಸ.

ಶೆಲ್ ಖಾತೆಯ ಪಾಠ ಹೀಗೆ ನಡೆಯುತ್ತಿತ್ತು. ಕಂಪ್ಯೂಟರಿನಲ್ಲಿ ಟೆಲಿಕ್ಸ್, ಪ್ರೋಕಾಮ್ ಅಥವಾ ವಿಂಡೋಸ್ 95ರ ಹೈಪರ್‌ಟರ್ಮಿನಲ್ ಎಂಬ, ದೂರದ ಕಂಪ್ಯೂಟರಿಗೆ ಫೋನ್ ಮಾಡುವ ಪ್ರೋಗ್ರಾಂ ತೆರೆಯಬೇಕು. ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಅಂತ ಹೊಂದಿಸಬೇಕು. ಟರ್ಮಿನಲ್ ಬಗೆ ವಿಟಿ100. ಎಟಿಜೆಡ್ ಅಂತ ಬರೆದು ಎಂಟರ್ ಒತ್ತಿದರೆ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ) ಹಳೆಯದನ್ನೆಲ್ಲ ಮರೆತು ಓಕೆ ಅನ್ನುತ್ತದೆ. ಆಮೇಲೆ ಎಟಿಡಿಟಿ, ಅದರ ಮುಂದೆ ಫೋನ್ ನಂಬರ್. ಇಲ್ಲೊಂದು ಸೂಕ್ಷ್ಮ ಇದೆ. ನಿಮ್ಮ ಎಕ್ಸ್‌ಚೇಂಜ್ ಹಳೆಯದಾಗಿದ್ದರೆ ಕೊನೆಯ 'ಟಿ' ಬದಲು 'ಪಿ' ಹಾಕಬೇಕು. ಟಿ ಅಂದರೆ ಟೋನ್, ಪಿ ಅಂದರೆ ಪಲ್ಸ್. ಹಳೇ ಎಕ್ಸ್‌ಚೇಂಜ್‌ಗೆ ಟೋನ್ ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಕಟ-ಕಟ ಅನ್ನುವ ಡಯಲ್ಲು ಮಾತ್ರ. ಇಂಗ್ಲಿಷ್ ಕೈಪಿಡಿ ನೋಡಿ ಟಿ ಹಾಕಿ, ಲೈನ್ ಯಾಕೆ ಸಿಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವುದಕ್ಕೆ ಈ ಒಂದು ಅಕ್ಷರ ಸಾಕು.

ಅದೃಷ್ಟ ಇದ್ದರೆ ಮೋಡೆಮ್ಮಿನ ಕೀರಲು ಸದ್ದು ಮುಗಿದು 'ಕನೆಕ್ಟ್ 9600' ಅಂತ ಬರುತ್ತಿತ್ತು. ಇಲ್ಲದಿದ್ದರೆ 'ಬ್ಯುಸಿ' ಅಥವಾ 'ನೋ ಕ್ಯಾರಿಯರ್'. ಲಾಗಿನ್ ಹೆಸರು ಕೊಟ್ಟ ಮೇಲೆ ಪಾಸ್‌ವರ್ಡ್ ಬರೆಯುವಾಗ ತೆರೆಯ ಮೇಲೆ ಏನೂ ಕಾಣುವುದಿಲ್ಲ. ಒಂದು ಚುಕ್ಕೆಯೂ ಮೂಡುವುದಿಲ್ಲ. ಹೊಸಬರು ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂದೇ 'ಕಾಣದಿದ್ದರೂ ಬರೆಯುತ್ತಾ ಹೋಗಿ' ಅಂತ ಹೇಳಿಕೊಡಬೇಕಿತ್ತು.

ಒಳಗೆ ಹೋದ ಮೇಲೆ ಪೈನ್. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 1989ರಲ್ಲಿ ಹೊಸಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಲು ಶುರು ಮಾಡಿದ ಇ-ಮೇಲ್ ಪ್ರೋಗ್ರಾಂ ಇದು. ಅದರ ಬಗ್ಗೆ ನನಗೆ ಇವತ್ತಿಗೂ ಗೌರವ. ಮೌಸ್ ಇಲ್ಲ, ಬಣ್ಣ ಇಲ್ಲ. ಆದರೆ ತೆರೆಯ ಕೊನೆಯ ಎರಡು ಸಾಲಿನಲ್ಲಿ ಈಗ ಯಾವ ಕೀ ಒತ್ತಿದರೆ ಏನಾಗುತ್ತದೆ ಅನ್ನುವುದು ಸದಾ ಇರುತ್ತಿತ್ತು. ಸಿ ಒತ್ತಿದರೆ ಹೊಸ ಪತ್ರ. ಐ ಒತ್ತಿದರೆ ಬಂದ ಪತ್ರಗಳ ಪಟ್ಟಿ. ಆರ್ ಒತ್ತಿದರೆ ಉತ್ತರ. ಬರೆದು ಮುಗಿಸಿ ಕಂಟ್ರೋಲ್ ಎಕ್ಸ್ ಒತ್ತಿದರೆ 'ಕಳಿಸಲೇ?' ಅಂತ ಕೇಳುತ್ತದೆ. ವೈ ಅಂದರೆ ಹೋಯಿತು. ಅಳಿಸುವುದಕ್ಕೆ ಡಿ. ಆದರೆ ಪತ್ರ ಆಗಲೇ ಮಾಯವಾಗುವುದಿಲ್ಲ, ಅದರ ಪಕ್ಕದಲ್ಲಿ ಒಂದು 'ಡಿ' ಗುರುತು ಬೀಳುತ್ತದೆ ಅಷ್ಟೇ. ಮನಸ್ಸು ಬದಲಾದರೆ ಯು ಒತ್ತಿ ಉಳಿಸಿಕೊಳ್ಳಬಹುದು. ಹೊರಗೆ ಹೋಗುವಾಗ ಒಮ್ಮೆ ಕೇಳಿ, ಒಪ್ಪಿದರೆ ಮಾತ್ರ ಅಳಿಸುತ್ತದೆ. ಹೆದರುವ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗುರು ಬೇಕಾಗಿರಲಿಲ್ಲ.

ಪತ್ರವನ್ನು ಲೈನಿನಲ್ಲಿ ಕೂತು ಬರೆಯಬೇಡಿ ಅನ್ನುವುದು ಇನ್ನೊಂದು ಸೂಚನೆ. ಯೋಚಿಸುತ್ತಾ ಕೂತ ನಿಮಿಷಕ್ಕೂ ದುಡ್ಡು. ಮೊದಲೇ ನಿಮ್ಮ ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಂಡು, ಲೈನ್ ಸಿಕ್ಕಿದ ಕೂಡಲೇ ಸೇರಿಸಿ ಕಳಿಸಿ, ಬಂದದ್ದನ್ನು ಇಳಿಸಿಕೊಂಡು ಫೋನ್ ಇಟ್ಟು ಆಮೇಲೆ ಓದಿ. 1988ರಲ್ಲಿ ಬಂದ ಪಾಪ್3 ಎಂಬ ಪದ್ಧತಿ ಈ ಕೆಲಸವನ್ನೇ ಕಂಪ್ಯೂಟರಿಗೆ ಕಲಿಸಿತು. ಔಟ್‌ಬಾಕ್ಸ್ ಅನ್ನುವ ಪೆಟ್ಟಿಗೆಗೆ ಅರ್ಥ ಇದ್ದದ್ದು ಆಗಲೇ. ಲೈನ್ ಸಿಗುವವರೆಗೆ ಪತ್ರ ಅಲ್ಲಿ ಕಾಯುತ್ತಿತ್ತು.

ಫೋಟೋ ಕಳಿಸುವ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಆ ಎಂಟು ಬಿಟ್ಟಿಗೆ ಆರಂಭದ, ಕೊನೆಯ ಬಿಟ್ ಸೇರಿ ಒಂದು ಅಕ್ಷರಕ್ಕೆ ಹತ್ತು ಬಿಟ್. ಸೆಕೆಂಡಿಗೆ 9,600 ಬಿಟ್ ಅಂದರೆ ಹೆಚ್ಚುಕಡಿಮೆ 960 ಅಕ್ಷರ. ಎರಡು ಸಾವಿರ ಅಕ್ಷರದ ಪತ್ರ ಎರಡು ಸೆಕೆಂಡಿನಲ್ಲಿ ಹೋಗುತ್ತದೆ. ಆದರೆ ಇ-ಮೇಲ್ ಹುಟ್ಟಿದ್ದು ಅಕ್ಷರಕ್ಕಾಗಿ. ಚಿತ್ರ ಕಳಿಸಬೇಕಾದರೆ ಅದನ್ನೂ ಅಕ್ಷರ ಮಾಡಬೇಕು. 1992ರಲ್ಲಿ ಬಂದ ಮೈಮ್ ನಿಯಮ ಇದನ್ನು ಬೇಸ್64 ಎಂಬ ವಿಧಾನದಲ್ಲಿ ಮಾಡುತ್ತದೆ: ಮೂರು ಬೈಟ್ ಇದ್ದದ್ದು ನಾಲ್ಕು ಅಕ್ಷರ ಆಗುತ್ತದೆ. ಒಂದು ಎಂಬಿಯ ಫೋಟೋ ಹೀಗೆ ಉಬ್ಬಿ 9,600ರ ಲೈನಿನಲ್ಲಿ ಹೋಗಲು ಸುಮಾರು 23 ನಿಮಿಷ ಬೇಕು. ಇಂದಿನ ಮೊಬೈಲ್ ತೆಗೆಯುವ ಮೂರು ಎಂಬಿಯ ಫೋಟೋ ಆಗಿದ್ದರೆ ಒಂದು ಗಂಟೆಗಿಂತ ಜಾಸ್ತಿ. ಮಧ್ಯದಲ್ಲಿ ಲೈನ್ ಹೋದರೆ ಮತ್ತೆ ಮೊದಲಿನಿಂದ. ತೆಗೆದುಕೊಳ್ಳುವವರಿಗೂ ಅಷ್ಟೇ ಹೊತ್ತು, ಅವರ ದುಡ್ಡಿನಲ್ಲಿ. ದೊಡ್ಡ ಫೈಲ್ ಕಳಿಸುವ ಮುಂಚೆ ಕೇಳಿ ಅನ್ನುವ ಮಾತು ಅದಕ್ಕೇ ಬಂತು.

1995ರ ಅಕ್ಟೋಬರಿನಲ್ಲಿ ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ಈ ಬಗೆಯ ನಡವಳಿಕೆಗಳನ್ನೆಲ್ಲ ಒಟ್ಟು ಮಾಡಿ ಆರ್‌ಎಫ್‌ಸಿ 1855 ಎಂಬ ದಾಖಲೆಯಾಗಿ ಹೊರತಂದರು. ಓದಿದರೆ ಕಾರಣಗಳು ಎದ್ದು ಕಾಣುತ್ತವೆ. ಸಹಿ ನಾಲ್ಕು ಸಾಲು ಮೀರದಿರಲಿ, ಯಾಕೆಂದರೆ ಬಹಳ ಜನ ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ ಅಂತ ಅದರಲ್ಲೇ ಇದೆ. ಸಾಲು 65 ಅಕ್ಷರಕ್ಕೆ ನಿಲ್ಲಿಸಿ ಅನ್ನುವುದಕ್ಕೂ ಕಾರಣ ಇದೆ. ಟರ್ಮಿನಲ್ಲಿನ ಅಗಲ 80 ಅಕ್ಷರ. ಪ್ರತಿ ಉತ್ತರದಲ್ಲೂ ಹಳೇ ಸಾಲಿನ ಮುಂದೆ ಒಂದು ಗುರುತು ಸೇರುತ್ತದೆ. ಜಾಗ ಬಿಡದಿದ್ದರೆ ಸಾಲು ಒಡೆದು ಓದಲಾಗುವುದಿಲ್ಲ. ವಿಷಯದ ಸಾಲು ಸ್ಪಷ್ಟವಾಗಿರಲಿ ಅನ್ನುವುದಕ್ಕೂ ಹೀಗೇ. ಪೈನ್‌ನ ಪಟ್ಟಿಯಲ್ಲಿ ಒಂದು ಪತ್ರಕ್ಕೆ ಸಿಗುವುದು ಒಂದೇ ಸಾಲು: ದಿನಾಂಕ, ಹೆಸರು, ಗಾತ್ರ, ವಿಷಯ. ಅದನ್ನು ನೋಡಿಯೇ ತೆರೆಯಬೇಕಾ ಬೇಡವಾ ಅಂತ ತೀರ್ಮಾನ. ಕೋಪದ ಉತ್ತರವನ್ನು ಒಂದು ರಾತ್ರಿ ತಡೆದು ಕಳಿಸಿ ಅನ್ನುವ ಒಂದು ಸಲಹೆಗೆ ಮಾತ್ರ ತಂತಿಯ ಹಂಗಿಲ್ಲ. ಅದು ಈಗಲೂ ಬೇಕು.

1996ರ ಜುಲೈ 4ರಂದು ಹಾಟ್‌ಮೇಲ್ ಬಂತು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಳೆದದ್ದು ಬೆಂಗಳೂರಿನಲ್ಲಿ. ಇನ್ನೊಬ್ಬರು ಜ್ಯಾಕ್ ಸ್ಮಿತ್. ಪತ್ರ ಬ್ರೌಸರಿನಲ್ಲೇ ತೆರೆಯುವಂತಾದ ಮೇಲೆ, 1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಇಂಟರ್ನೆಟ್ ಸೇವೆ ಕೊಡಲು ಅವಕಾಶ ಸಿಕ್ಕ ಮೇಲೆ, ಬೀದಿಗೊಂದು ಸೈಬರ್ ಕೆಫೆ ಆಯಿತು. ಎಟಿಡಿಟಿ ಕಲಿಯಬೇಕಾದ ಕೆಲಸ ಮುಗಿಯಿತು.

ಮುಗಿಯದೆ ಉಳಿದದ್ದು ಅಕ್ಷರದ ಸಮಸ್ಯೆ. ಆ ಸೂಚನೆಗಳ ಒಂದೊಂದು ಸಾಲೂ ಕಲಿಯುವವರಿಗೆ ಇಂಗ್ಲಿಷ್ ಬರುತ್ತದೆ ಅಂತಲೇ ಹೊರಡುತ್ತದೆ. ಇ-ಮೇಲ್ ಪತ್ರಕ್ಕೆ ಗೊತ್ತಿದ್ದದ್ದು ಆಸ್ಕಿ ಎಂಬ ಏಳು ಬಿಟ್ಟಿನ ಅಕ್ಷರಪಟ್ಟಿ. ಅದರಲ್ಲಿರುವುದು 128 ಸಂಕೇತ ಮಾತ್ರ, ಕನ್ನಡಕ್ಕೆ ಜಾಗವೇ ಇಲ್ಲ. ಅಪ್ಪ-ಅಮ್ಮನಿಗೆ ಕನ್ನಡದಲ್ಲಿ ಬರೆಯಬೇಕೆಂದರೆ ಇಂಗ್ಲಿಷ್ ಅಕ್ಷರವೇ ಗತಿ. ಅಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ನಾಲ್ಕು ಅಕ್ಷರ. 'ಬೇಳೆ ಬೆಲೆ ಏರಿತು' ಅಂತ ಬರೆದರೆ 'ಬೆಳೆ ಬೆಲೆ ಏರಿತು' ಅಂತಲೂ ಓದಬಹುದು. ಅದಕ್ಕೆ ಕೆಲವರು ಳ, ಣ, ಟಗಳಿಗೆ ದೊಡ್ಡಕ್ಷರ ಬಳಸಿದರು. ಆದರೆ ದೊಡ್ಡಕ್ಷರ ಅಂದರೆ ಕಿರುಚಿದಂತೆ ಅನ್ನುತ್ತದೆ ಇಂಗ್ಲಿಷಿನ ನಡವಳಿಕೆ. ಕನ್ನಡ ಸರಿಯಾಗಿ ಬರೆದವರು ಸಾಲು ಸಾಲಿನ ಮಧ್ಯೆ ಕಿರುಚಿದಂತೆ ಕಾಣುತ್ತಿದ್ದರು!

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಕನ್ನಡ ಬರೆಯುವ ತಂತ್ರಾಂಶ 'ಬರಹ' ಬಂದಾಗ ಅದು ದೊಡ್ಡ ಆಸರೆ. ಆದರೂ ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇರಬೇಕಿತ್ತು. ಇಲ್ಲದಿದ್ದರೆ ಪತ್ರದ ಬದಲು ವಿಚಿತ್ರ ಚಿಹ್ನೆಗಳ ಸಾಲು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆ 'ತುಂಗಾ' ಫಾಂಟ್ ಬರುವವರೆಗೆ ಮನೆಯ ಕಂಪ್ಯೂಟರಿನಲ್ಲಿ ಅದು ಸಲೀಸಾಗಲಿಲ್ಲ. ಅಷ್ಟರಲ್ಲಿ ಒಂದು ಪೀಳಿಗೆಗೆ ಇಂಗ್ಲಿಷ್ ಅಕ್ಷರದ ಕನ್ನಡವೇ ಕೈಗೆ ಕೂತುಬಿಟ್ಟಿತ್ತು. ಮೊಬೈಲಿನಲ್ಲಿ ಕನ್ನಡ ಕೀಬೋರ್ಡ್ ಇದ್ದರೂ ಮನೆಯ ಗ್ರೂಪಿನಲ್ಲಿ ಇವತ್ತಿಗೂ ಹಾಗೇ ಬರೆಯುವವರು ಎಷ್ಟು ಜನ ಅಲ್ವಾ? ಅದು ಸೋಮಾರಿತನ ಅಂತ ಬೈಯುವವರನ್ನು ನಾನು ಒಪ್ಪುವುದಿಲ್ಲ. ಅವರು ಕಲಿತ ಹೊತ್ತಿಗೆ ಇನ್ನೊಂದು ದಾರಿ ಇರಲಿಲ್ಲ.

ವಿಳಾಸದ ವಿಷಯ ಇನ್ನೂ ಹಿಂದೆ ಉಳಿದಿದೆ. ಅಟ್ ಚಿಹ್ನೆಯ ಎರಡೂ ಕಡೆ ಕನ್ನಡ ಬರೆಯಲು ಬೇಕಾದ ನಿಯಮ 2012ರಲ್ಲೇ ಬಂದಿದೆ. ಅಂಥ ವಿಳಾಸಗಳ ಜೊತೆ ಪತ್ರ ವ್ಯವಹಾರ ಮಾಡಲು ಜಿಮೇಲ್ 2014ರಲ್ಲಿ ಒಪ್ಪಿತು. ಡಾಟ್ ಭಾರತ ಕನ್ನಡ ಲಿಪಿಯಲ್ಲೂ ಇದೆ. ಆದರೆ ಎಷ್ಟೋ ಆನ್‌ಲೈನ್ ಫಾರ್ಮುಗಳು ಕನ್ನಡದ ವಿಳಾಸ ಹಾಕಿದರೆ 'ಸರಿಯಾದ ಇ-ಮೇಲ್ ಕೊಡಿ' ಅಂತ ವಾಪಸ್ ಕಳಿಸುತ್ತವೆ. ಈಗ ತಡೆ ಇರುವುದು ಲೈನಿನಲ್ಲಲ್ಲ. ಫಾರ್ಮ್ ಮಾಡುವ ಪ್ರೋಗ್ರಾಮರ್ ವಿಳಾಸ ಪರೀಕ್ಷಿಸಲು ಹಾಕಿಟ್ಟ ಒಂದು ಸಾಲಿನಲ್ಲಿ. ಅದನ್ನು ಬದಲಿಸಲು ಹೊಸ ಮೋಡೆಮ್ ಬೇಕಿಲ್ಲ, ಹೊಸ ತಂತಿಯೂ ಬೇಕಿಲ್ಲ.