ಮೊದಲು ಜೈಲು, ಆಮೇಲೆ ಶಾಲೆ

ಹನ್ನೆರಡು ವರ್ಷದ ಹುಡುಗನೊಬ್ಬ ಅಂಗಡಿಯಿಂದ ಒಂದು ಜೊತೆ ಬೂಟು ಕದ್ದ ಅಂತಿಟ್ಟುಕೊಳ್ಳಿ. 1854ರ ಕಾಯ್ದೆ ಬಂದ ಮೇಲೆ ಇಂಗ್ಲೆಂಡಿನ ಕೋರ್ಟು ಅವನನ್ನು ಸುಧಾರಣಾ ಶಾಲೆಗೆ, ಅಂದರೆ ತಪ್ಪು ಮಾಡಿದ ಮಕ್ಕಳನ್ನು ಇಟ್ಟು ತಿದ್ದುವ ಕಡೆಗೆ, ಕಳಿಸಬಹುದಿತ್ತು. ಕನಿಷ್ಠ 2 ವರ್ಷ, ಹೆಚ್ಚೆಂದರೆ 5. ಆದರೆ ನೇರವಾಗಿ ಅಲ್ಲ. ಮೊದಲು 14 ದಿನವಾದರೂ ಜೈಲಿನಲ್ಲಿ ಕಳೆಯಬೇಕು.

ತಿದ್ದಬೇಕಾದ ಮಗುವಿಗೆ ಮೊದಲು ಜೈಲಿನ ರುಚಿ ತೋರಿಸುವುದು ಎಂಥ ಬುದ್ಧಿವಂತಿಕೆಯೋ! ಅದಕ್ಕೂ ಒಂದು ವಾದವಿತ್ತು. ಕದ್ದವನಿಗೆ ಪುಕ್ಕಟೆ ಊಟ, ಕಸುಬು ಸಿಕ್ಕಿದರೆ ನಿಯತ್ತಾಗಿ ಬದುಕುವ ಬಡವರ ಮಕ್ಕಳಿಗೆ ಅನ್ಯಾಯ ಅಲ್ವಾ ಅಂತ. ಈ ಅವಧಿ 1866ರಲ್ಲಿ 10 ದಿನಕ್ಕೆ ಇಳಿಯಿತು. ಪೂರ್ತಿ ಹೋಗಿದ್ದು 1899ರಲ್ಲಿ.

ಈ ನಿಯಮವನ್ನು ಬಲವಾಗಿ ವಿರೋಧಿಸಿದವರಲ್ಲಿ ಮೇರಿ ಕಾರ್ಪೆಂಟರ್ ಒಬ್ಬರು. 1852ರಲ್ಲಿ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಶಾಲೆ ತೆರೆದರು. 1854ರಲ್ಲಿ ರೆಡ್ ಲಾಡ್ಜ್ ಎಂಬ ಹಳೇ ಬಂಗಲೆಯಲ್ಲಿ ಹುಡುಗಿಯರಿಗೇ ಬೇರೆ ಶಾಲೆ ಮಾಡಿದರು. ಅಲ್ಲಿ ಬಟ್ಟೆ ಒಗೆಯುವುದು, ಹೊಲಿಯುವುದು, ಮನೆಗೆಲಸ ಕಲಿಯುವುದು. ಅವರ ಔದಾರ್ಯಕ್ಕೂ ಮಿತಿ ಇತ್ತು: ಆ ಹುಡುಗಿಯರು ಮನೆಗೆಲಸದವರಾಗುವುದನ್ನು ಬಿಟ್ಟು ಬೇರೇನೂ ಅವರಿಗೆ ಹೊಳೆದಂತಿಲ್ಲ. ಈಕೆ 1866ರಿಂದ ನಾಲ್ಕು ಸಲ ಭಾರತಕ್ಕೂ ಬಂದು ಇಂಥ ಶಾಲೆಗಳು ಇಲ್ಲೂ ಬೇಕು ಅಂದರು. 1876ರಲ್ಲಿ ಇಲ್ಲೂ ಸುಧಾರಣಾ ಶಾಲೆಗಳ ಕಾಯ್ದೆ ಬಂತು.

ಎಲ್ಲ ಶಾಲೆಗಳೂ ಬಂಗಲೆಯಲ್ಲಿರಲಿಲ್ಲ. ಲಿವರ್‌ಪೂಲ್ ಬಳಿ ಮರ್ಸಿ ನದಿಯಲ್ಲಿ ಹಳೇ ಯುದ್ಧನೌಕೆಗಳನ್ನೇ ಲಂಗರು ಹಾಕಿ ಶಾಲೆ ಮಾಡಿದ್ದರು. ಪ್ರಾಟೆಸ್ಟೆಂಟ್ ಹುಡುಗರಿಗೆ 'ಅಕ್ಬರ್', ಕ್ಯಾಥೊಲಿಕರಿಗೆ 'ಕ್ಲಾರೆನ್ಸ್'. ತೂಗುಮಂಚದಲ್ಲಿ ನಿದ್ದೆ, ಎದ್ದರೆ ಡೆಕ್ ಉಜ್ಜುವುದು, ಹಗ್ಗ ಕಟ್ಟುವುದು, ತಪ್ಪಿದರೆ ಏಟು. ಹುಡುಗರು ಇದನ್ನೆಲ್ಲ ಸುಮ್ನೆ ಸಹಿಸಿಕೊಂಡರು ಅಂದುಕೊಳ್ಳಬೇಡಿ. 1884ರಲ್ಲಿ ಅವರೇ ಕ್ಲಾರೆನ್ಸ್‌ಗೆ ಬೆಂಕಿ ಇಟ್ಟರು. 1887ರಲ್ಲಿ ಅಕ್ಬರ್‌ನಲ್ಲಿ ದಂಗೆ ಎದ್ದಿತು. ಕ್ಲಾರೆನ್ಸ್ ಬದಲಿಗೆ ತಂದ ಹಡಗೂ 1899ರಲ್ಲಿ ಸುಟ್ಟುಹೋಯಿತು.

ಇಂಥ ಕಡೆಯಿಂದ ಹೊರಬಂದವರು ಏನಾದರು? ಬ್ರಿಟಿಷ್ ಸಂಶೋಧಕರು ವಾಯವ್ಯ ಇಂಗ್ಲೆಂಡಿನ ಇಂಥ ಸಂಸ್ಥೆಗಳಲ್ಲಿದ್ದ ಸುಮಾರು 500 ಮಕ್ಕಳ ಬದುಕಿನ ಜಾಡು ಹಿಡಿದರು. ಜನಗಣತಿ, ಕೋರ್ಟಿನ ಕಡತ, ಹಳೇ ಪತ್ರಿಕೆ, ಎಲ್ಲ ಜಾಲಾಡಿದರು. ದೊಡ್ಡವರಾದ ಮೇಲೆ ಮತ್ತೆ ಅಪರಾಧ ಮಾಡಿದವರು ಐದರಲ್ಲಿ ಒಬ್ಬರಿಗಿಂತ ತುಸು ಜಾಸ್ತಿ, ಅಷ್ಟೇ. ಉಳಿದವರು ಕೆಲಸಕ್ಕೆ ಸೇರಿದರು, ಮದುವೆಯಾದರು, ಯಾರ ಕಣ್ಣಿಗೂ ಬೀಳದೆ ಬಾಳಿದರು.

ಇದರ ಪುಣ್ಯವನ್ನು ಬೆತ್ತಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಅವಧಿ ಪೂರ್ತಿ ಮುಗಿಯುವ ಮೊದಲೇ ಹುಡುಗನನ್ನು ಒಳ್ಳೇ ಯಜಮಾನನ ಹತ್ತಿರ ಕೆಲಸಕ್ಕೆ ಬಿಡಬಹುದಿತ್ತು. ಬಿಡುಗಡೆಯಾದ ಮೇಲೂ ಮೂರು ವರ್ಷ ಶಾಲೆಯವರು ಅವನ ಸಮಾಚಾರ ಸರ್ಕಾರಕ್ಕೆ ಒಪ್ಪಿಸಬೇಕು. ವರದಿಯಲ್ಲಿ ಅಂಕಣಗಳಿದ್ದವು: ಚೆನ್ನಾಗಿದ್ದಾನೆ, ಅನುಮಾನ, ಮತ್ತೆ ಶಿಕ್ಷೆಯಾಗಿದೆ, ಗೊತ್ತಿಲ್ಲ. ಅದನ್ನು ತುಂಬಲಿಕ್ಕಾದರೂ ಯಾರೋ ಒಬ್ಬರು ಹುಡುಗ ಎಲ್ಲಿದ್ದಾನೆ, ಕೆಲಸ ಇದೆಯಾ ಅಂತ ವಿಚಾರಿಸಬೇಕಿತ್ತು. ಕೈಯಲ್ಲೊಂದು ಕೆಲಸ, ವಿಚಾರಿಸಲು ಒಬ್ಬರು: ಆಗಿನ ಬಡಮಕ್ಕಳಲ್ಲಿ ಎಷ್ಟು ಜನಕ್ಕೆ ಇವೆರಡೂ ಇದ್ದವು?

ಹಾಗಂತ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಆ 500 ಮಕ್ಕಳಲ್ಲಿ ಕೈಗಾರಿಕಾ ಶಾಲೆಯವರೂ ಇದ್ದರು. ಅವರಲ್ಲಿ ಎಷ್ಟೋ ಮಂದಿ ಏನೂ ಕದ್ದವರಲ್ಲ, ಬೀದಿಪಾಲಾದವರು. ವಯಸ್ಸಿನ ಮಾತೂ ಇದೆ. ಕಳ್ಳತನ, ಹೊಡೆದಾಟ ಹದಿಹರೆಯದಲ್ಲಿ, ಅದರ ಆಸುಪಾಸಿನಲ್ಲಿ ಏರಿ ಆಮೇಲೆ ತಾನಾಗಿ ಇಳಿಯುತ್ತವೆ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕೆಟ್ಲೆ 1831ರಲ್ಲೇ ಅಂಕಿಅಂಶ ಹಿಡಿದು ಇಂಥದ್ದನ್ನು ತೋರಿಸಿದ್ದರು. ಐದು ವರ್ಷ ಒಳಗಿದ್ದ ಹುಡುಗ ಹೊರಬರುವ ಹೊತ್ತಿಗೆ ಆ ವಯಸ್ಸಿನ ಒಂದಷ್ಟು ಕಳೆದೇ ಹೋಗಿರುತ್ತಿತ್ತು. ಹಾಗಾಗಿ ಶಾಲೆ ತಿದ್ದಿದ್ದೆಷ್ಟು, ವಯಸ್ಸು ತಿದ್ದಿದ್ದೆಷ್ಟು ಅಂತ ಬಿಡಿಸಬೇಕಾದರೆ ಅಂಥದೇ ಬೂಟು ಕದ್ದು, ಶಾಲೆಗೆ ಹೋಗದೆ ಮನೆಗೆ ಮರಳಿದ ಹುಡುಗರ ಬದುಕನ್ನೂ ಪಕ್ಕದಲ್ಲಿಟ್ಟು ನೋಡಬೇಕು.